ಅಪ್ಪೆಮಿಡಿ ಎಲೆಯೂ ಕ್ಯೂಬಿಟ್ 4 ಎಂಬ ಪುಟ್ಟ ಡಬ್ಬಿಯೂ

ಮಾವಿನ ಎಲೆಯಿಂದ ಡಿಎನ್‌ಎ ತೆಗೆಯುವುದು ನನ್ನ ಕೆಲಸ. ಅದರಲ್ಲೂ ಶಿರಸಿ, ಸಾಗರದ ಕಡೆಯ ಅಪ್ಪೆಮಿಡಿ. ಈ ಎಲೆಯಲ್ಲಿ ಪಾಲಿಫಿನಾಲ್ ಜಾಸ್ತಿ, ಲೋಳೆಯೂ ಜಾಸ್ತಿ. ಎಷ್ಟು ತೊಳೆದರೂ ಡಿಎನ್‌ಎ ಜೊತೆ ಏನಾದರೂ ಅಂಟಿಕೊಂಡು ಬರುತ್ತದೆ.

ಸಿಕ್ಕ ಡಿಎನ್‌ಎ ಎಷ್ಟಿದೆ ಅಂತ ಮೊದಲು ಸ್ಪೆಕ್ಟ್ರೊಫೋಟೋಮೀಟರ್‌ನಲ್ಲಿ, ಅಂದರೆ ದ್ರಾವಣ ಎಷ್ಟು ಬೆಳಕು ಹೀರುತ್ತದೆ ಅಂತ ನೋಡುವ ಯಂತ್ರದಲ್ಲಿ, ಅಳೆಯುತ್ತಿದ್ದೆವು. ಡಿಎನ್‌ಎ 260 ನ್ಯಾನೊಮೀಟರ್ ಬೆಳಕನ್ನು ಹೀರುತ್ತದೆ, ನಿಜ. ಆದರೆ ಆರ್‌ಎನ್‌ಎ ಕೂಡ ಅದನ್ನೇ ಹೀರುತ್ತದೆ, ಉಳಿದ ಫಿನಾಲ್ ಕೂಡ. ಹೊಳೆಯಂಚಿನ ಒಂದು ಜೀರಿಗೆ ಅಪ್ಪೆ ಮರದ ಸ್ಯಾಂಪಲ್ ಮೈಕ್ರೊಲೀಟರ್‌ಗೆ 640 ನ್ಯಾನೊಗ್ರಾಂ ಅಂತ ತೋರಿಸಿತು. ನಂಬಿ, ಆ ಲೆಕ್ಕಕ್ಕೆ ನೀರು ಬೆರೆಸಿ, ಪಿಸಿಆರ್‌ಗೆ (ಡಿಎನ್‌ಎಯ ಒಂದು ಭಾಗವನ್ನು ಲಕ್ಷಾಂತರ ಪ್ರತಿ ಮಾಡುವ ವಿಧಾನ) ಇಟ್ಟೆ. ಡಿಎನ್‌ಎ ತುಂಡುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ತೋರಿಸುವ ಜೆಲ್‌ನಲ್ಲಿ ಬ್ಯಾಂಡೇ (ಡಿಎನ್‌ಎ ಪಟ್ಟಿ) ಇಲ್ಲ. ಆಮೇಲೆ ಅದೇ ಟ್ಯೂಬನ್ನು ಕ್ಯೂಬಿಟ್ 4 ಎಂಬ, ಹೊಳಪು ನೋಡಿ ಡಿಎನ್‌ಎ ಅಳೆಯುವ ಪುಟ್ಟ ಯಂತ್ರದಲ್ಲಿ ಅಳೆದರೆ ಬರೀ 38!

ಇಷ್ಟು ವ್ಯತ್ಯಾಸ ಯಾಕೆ? ಕ್ಯೂಬಿಟ್ ಬೇರೆ ದಾರಿ ಹಿಡಿಯುತ್ತದೆ. ಇದರ ಡೈ ಎರಡೆಳೆ ಡಿಎನ್‌ಎಗೆ ಅಂಟಿಕೊಂಡಾಗ ಮಾತ್ರ ಚೆನ್ನಾಗಿ ಹೊಳೆಯುತ್ತದೆ. ನೀಲಿ ಎಲ್‌ಇಡಿ ಬೆಳಕು ಬಿದ್ದರೆ ಹಸಿರು ಬೆಳಕು ಹೊರಡುತ್ತದೆ. ಒಳಗಿರುವ ಫೋಟೊಡಯೋಡ್ (ಬೆಳಕನ್ನು ವಿದ್ಯುತ್ತಾಗಿಸುವ ಸೆನ್ಸರ್) ಆ ಹಸಿರನ್ನಷ್ಟೇ ಅಳೆಯುತ್ತದೆ.

ಬಳಸುವುದು ಸುಲಭ. ಒಂದು ಪಾಲು ಡೈಗೆ 199 ಪಾಲು ಬಫರ್. ಸ್ಯಾಂಪಲ್ 1ರಿಂದ 20 ಮೈಕ್ರೊಲೀಟರ್ ಸಾಕು, ಎಲ್ಲ ಸೇರಿ 200. ಹೋಲಿಕೆಗೆ ಎರಡು ಸ್ಟ್ಯಾಂಡರ್ಡ್, ಅಂದರೆ ಡಿಎನ್‌ಎ ಪ್ರಮಾಣ ಮೊದಲೇ ಗೊತ್ತಿರುವ ದ್ರಾವಣ, ಓದಿಸಬೇಕು. ಎರಡು ನಿಮಿಷ ಕಾದು ಟ್ಯೂಬ್ ಇಟ್ಟರೆ ಕೆಲವೇ ಸೆಕೆಂಡಿನಲ್ಲಿ ಉತ್ತರ.

ಒಂದು ವಿಷಯದಲ್ಲಿ ಮಾತ್ರ ಹುಷಾರು: ಬಿಸಿ, ತಂಪು. ನಾನೊಮ್ಮೆ ಅವಸರದಲ್ಲಿ ಸ್ಟ್ಯಾಂಡರ್ಡ್‌ಗಳನ್ನು ಫ್ರಿಜ್‌ನಿಂದ ತೆಗೆದ ಹಾಗೇ ಬಳಸಿದೆ. ಇಡೀ ದಿನದ ರೀಡಿಂಗ್ ಹಾಳಾಯಿತು. ಟ್ಯೂಬನ್ನು ಸುಮ್ನೆ ಕೈಯಲ್ಲಿ ಹಿಡಿದು ನಿಂತರೂ ಅದು ಬಿಸಿಯಾಗಿ ಹೊಳಪು ಇಳಿಯುತ್ತದೆ.

ಕೊರತೆಗಳೂ ಇವೆ. ಒಂದು ಸಲಕ್ಕೆ ಒಂದೇ ಟ್ಯೂಬ್. 96 ಎಲೆ ಇದ್ದ ದಿನ ಬೆರಳು ನೋಯುತ್ತದೆ. ಡಿಎನ್‌ಎ ಎಷ್ಟಿದೆ ಅಂತ ಹೇಳುತ್ತದೆಯೇ ಹೊರತು ಅದು ಶುದ್ಧವಾಗಿದೆಯೇ, ತುಂಡಾಗಿದೆಯೇ ಅಂತ ಹೇಳುವುದಿಲ್ಲ. ಶುದ್ಧತೆಗೆ ಸ್ಪೆಕ್ಟ್ರೊಫೋಟೋಮೀಟರ್ ಕೊಡುವ 260/280 ಅನುಪಾತವೂ (260 ಮತ್ತು 280 ನ್ಯಾನೊಮೀಟರ್ ಬೆಳಕನ್ನು ಹೀರುವುದರ ಹೋಲಿಕೆ) ಬೇಕು, ತುಂಡಾಗಿದೆಯೇ ಅಂತ ನೋಡಲು ಜೆಲ್ ಕೂಡ ಬೇಕು. ಹಳೆಯ ಯಂತ್ರವನ್ನು ಮೂಲೆಗೆ ತಳ್ಳಬೇಡಿ.

ನನಗೆ ನಿಜಕ್ಕೂ ಆಸೆ ಇರುವುದು ಇದರ ಮುಂದಿನ ಹೆಜ್ಜೆ ಮೇಲೆ. ಲಿಸ್ಬನ್ ಮತ್ತು ರೋಮ್‌ನ ಸಂಶೋಧಕರು ಗಾಜಿನ ಮೇಲೆ ತೆಳುಪದರದ ಅಮಾರ್ಫಸ್ (ಹರಳಿನ ಜೋಡಣೆ ಇಲ್ಲದ) ಸಿಲಿಕಾನ್ ಫೋಟೊಡಯೋಡ್ ಮಾಡಿ, ಅದರ ಮೇಲೆಯೇ ಡಿಎನ್‌ಎ, ಪ್ರೋಟೀನ್ ಪತ್ತೆ ಮಾಡಿದ್ದಾರೆ. ಆ ಪದರ ಒಂದು ಮೈಕ್ರಾನ್ ಆಸುಪಾಸು, ಅಷ್ಟೇ. ಅದು ಹಸಿರು ಬೆಳಕನ್ನು ಚೆನ್ನಾಗಿ ಹಿಡಿಯುತ್ತದೆ, ನಮ್ಮ ಡೈ ಹೊಳೆಯುವುದೂ ಹಸಿರಿನಲ್ಲೇ ಅಲ್ವಾ? ಹನಿ ಬೀಳುವ ಜಾಗದ ಕೆಳಗೇ ಸೆನ್ಸರ್ ಇರುವುದರಿಂದ ಲೆನ್ಸ್ ಬೇಕಾಗುವುದಿಲ್ಲ. ಕಿರುಬೆರಳಿನಷ್ಟು ಚಿಪ್ ಜೇಬಲ್ಲಿಟ್ಟುಕೊಂಡು ಹೊಳೆದಂಡೆಗೇ ಹೋಗಿ ಅಳೆಯುವ ದಿನಕ್ಕೆ ಕಾಯುತ್ತಿದ್ದೇನೆ.

ಸಸ್ಯದ ಡಿಎನ್‌ಎ ಮೇಲೆ ಕೆಲಸ ಮಾಡುವ ಯಾವ ಲ್ಯಾಬಿಗಾದರೂ ಕ್ಯೂಬಿಟ್ ತಗೊಳ್ಳಿ ಅಂತಲೇ ಹೇಳುತ್ತೇನೆ. ಆ ಜೀರಿಗೆ ಅಪ್ಪೆಗೆ 38ರ ಲೆಕ್ಕದಲ್ಲಿ ಮತ್ತೆ ಪಿಸಿಆರ್ ಇಟ್ಟೆ. ಜೆಲ್‌ನ ಮೂರನೇ ಸಾಲಿನಲ್ಲಿ ಬ್ಯಾಂಡ್ ಸ್ಪಷ್ಟವಾಗಿ ಬಂತು.