ವಾಟರ್-ಮೆಥನಾಲ್ ಕಿಟ್ ಹಾಕಿಸೋಕೆ ಹೊರಟಿದ್ದೀರಾ? ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ

ಬರೆಯೋಕೆ ನಾಚಿಕೆ ಆಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ಮೈಸೂರು-ಮಂಡ್ಯ ಕಡೆ ಟರ್ಬೊ ಪೆಟ್ರೋಲ್ ಗಾಡಿ ಇಟ್ಟುಕೊಂಡು, ಇಂಜಿನ್ ಒಳಗೆ ಹೋಗುವ ಗಾಳಿಗೆ ನೀರು ಮತ್ತು ಮೆಥನಾಲ್ (ಒಂದು ಬಗೆಯ ಆಲ್ಕೋಹಾಲ್) ಎರಚಿ ತಂಪು ಮಾಡುವ ಈ ಕಿಟ್ ಮೇಲೆ ಕಣ್ಣಿಟ್ಟಿರುವವರು ದಯವಿಟ್ಟು ಒಂದು ನಿಮಿಷ ನಿಲ್ಲಿ. ನಾನು ನಿಲ್ಲಲಿಲ್ಲ. ಇಂಜಿನ್ ಹೋಯಿತು.

ನನ್ನದು 1 ಲೀಟರ್, ಮೂರು ಸಿಲಿಂಡರ್. ರೀಮ್ಯಾಪ್ (ಇಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಸೆಟ್ಟಿಂಗ್ ಬದಲಿಸುವುದು) ಆದ ಮೇಲೆ 130 ಎಚ್‌ಪಿ ಹತ್ತಿರ, ಬೂಸ್ಟ್ (ಟರ್ಬೊ ಗಾಳಿ ತಳ್ಳುವ ಒತ್ತಡ) 1.3 ಬಾರ್. ಬೇಸಿಗೆಯಲ್ಲಿ ಇನ್‌ಟೇಕ್ ಗಾಳಿ ಬಿಸಿಯಾಗಿ ಗಾಡಿ ಮಂಕಾಗುತ್ತಿತ್ತು. ಮೈಸೂರಿನ ಒಬ್ಬ ಟ್ಯೂನರ್ ಹತ್ತಿರ ಹೋದೆ. ಹೆಸರು ಹಾಕುವುದಿಲ್ಲ. ಕಿಟ್, ಫಿಟ್ಟಿಂಗ್, ಮ್ಯಾಪ್ ಎಲ್ಲ ಸೇರಿ ₹62,000. ಸ್ಪ್ರೇ ಮಾಡುವ ಜೆಟ್ (ನಳಿಕೆ) ಯಾವ ಸೈಜ್, ಸ್ಪ್ರೇ ಎಷ್ಟು ಬೂಸ್ಟಿಗೆ ಶುರು ಅಂತ ಕೇಳಿದೆ. ಕೇಳಿದೆ, ಕೇಳಲಿಲ್ಲ ಅಂತೇನಿಲ್ಲ. "ಅದನ್ನೆಲ್ಲ ನಮಗೆ ಬಿಡಿ ಸರ್" ಅಂದರು. ಬಿಟ್ಟೆ.

ಮೊದಲ ದಿನದಿಂದಲೇ ಏನೋ ಸರಿ ಇರಲಿಲ್ಲ. ಕಬ್ಬಿನ ಟ್ರ್ಯಾಕ್ಟರ್ ದಾಟೋಣ ಅಂತ ಮೂರನೇ ಗೇರಿನಲ್ಲಿ ತುಳಿದರೆ ಗಾಡಿ ಗಕ್ ಗಕ್ ಅಂತ ಮುಗ್ಗರಿಸುತ್ತಿತ್ತು. ಫೋನ್ ಮಾಡಿದೆ. "ಸೆಟ್ ಆಗೋಕೆ 500 ಕಿಲೋಮೀಟರ್ ಬೇಕು ಸರ್, ಇಸಿಯು ಕಲಿಯುತ್ತೆ." ನಂಬಿದೆ. ಎಂಟು ವರ್ಷದಿಂದ ಗಾಡಿ ಓಡಿಸುತ್ತಿರುವ ನಾನು ಇದನ್ನು ನಂಬಿದೆ!

ಮೂರನೇ ವಾರ, ಮೈಸೂರಿನಿಂದ ವಾಪಸ್ ಬರುತ್ತಿದ್ದೆ. ಶ್ರೀರಂಗಪಟ್ಟಣ ದಾಟಿದ ಮೇಲೆ ತಗಡಿನ ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು. ಕಾಲು ತೆಗೆಯುವಷ್ಟರಲ್ಲಿ ಚೆಕ್ ಇಂಜಿನ್ ಲೈಟ್ ಮಿನುಗೋಕೆ ಶುರು, ಹಿಂದೆ ನೀಲಿ ಹೊಗೆ. ಟೋ ಮಾಡಿಸಿ ಮಂಡ್ಯಕ್ಕೆ ತಂದೆ.

ಇಲ್ಲಿನ ಮೆಕ್ಯಾನಿಕ್ ಕಂಪ್ರೆಷನ್ ನೋಡಿದರು. ಎರಡು ಸಿಲಿಂಡರ್‌ನಲ್ಲಿ 170 ಪಿಎಸ್‌ಐ ಹತ್ತಿರ, ಮೂರನೆಯದರಲ್ಲಿ 60. ಬಿಚ್ಚಿದಾಗ ಪಿಸ್ಟನ್‌ನಲ್ಲಿ ರಿಂಗ್ ಕೂರುವ ಅಂಚು ಮುರಿದು ಬಂದಿತ್ತು. ಸಿಲಿಂಡರ್ ಒಳಗೆ ಪೆಟ್ರೋಲ್ ಅಂಕೆ ತಪ್ಪಿ ಸಿಡಿಯುತ್ತಲ್ಲ, ಆ ನಾಕಿಂಗ್‌ನಿಂದ ಆಗುವ ಕೆಲಸವೇ ಇದು. ಮೆಥನಾಲ್ ಟ್ಯಾಂಕ್ ಒಣಗಿತ್ತು. 3 ಲೀಟರ್ ಟ್ಯಾಂಕ್, ಬೆಳಿಗ್ಗೆ ತಾನೇ ತುಂಬಿಸಿದ್ದು.

ಅಲ್ಲಿಂದ ಒಂದೊಂದೇ ಹೊರಗೆ ಬಂತು. ಜೆಟ್ ನಿಮಿಷಕ್ಕೆ 225 ಸಿಸಿಯದು. ನನ್ನ ಗಾಡಿ ಪೂರ್ತಿ ತುಳಿದಾಗ ಕುಡಿಯುವ ಪೆಟ್ರೋಲೇ ಸುಮಾರು 650 ಸಿಸಿ. ಸಾಮಾನ್ಯವಾಗಿ ಪೆಟ್ರೋಲಿನ 10ರಿಂದ 15% ಸ್ಪ್ರೇ ಸಾಕು, ಅಂದರೆ ನನಗೆ 100 ಸಿಸಿ ಒಳಗಿನ ಜೆಟ್. ಆಮೇಲೆ ಗೊತ್ತಾಯಿತು, ಅದು ಯಾರದೋ 2 ಲೀಟರ್ ಡೀಸೆಲ್ ಗಾಡಿಗೆ ತರಿಸಿ ಉಳಿದಿದ್ದ ಜೆಟ್ ಅಂತೆ. ಸ್ಪ್ರೇ ಶುರುವಾಗುತ್ತಿದ್ದದ್ದು 0.3 ಬಾರ್‌ಗೆ. ಗರಿಷ್ಠ ಬೂಸ್ಟಿನ ಅರ್ಧಕ್ಕೆ, ಅಂದರೆ 0.6–0.7ಕ್ಕೆ ಶುರುವಾಗಿ ಮೇಲೆ ಹೋದಂತೆ ಹೆಚ್ಚಬೇಕು. 0.3 ಅಂದರೆ ಊರೊಳಗೆ ಸುಮ್ನೆ ಓಡಿಸುವಾಗಲೂ ಒಳಗೆ ನೀರು ಎರಚುತ್ತಿತ್ತು. ಮುಗ್ಗರಿಸದೆ ಇನ್ನೇನು ಮಾಡೀತು? ಟ್ಯಾಂಕ್ ಖಾಲಿಯಾಗದೆ ಇನ್ನೇನಾದೀತು?

ಖಾಲಿಯಾದರೂ ಇಂಜಿನ್ ಉಳಿಯಬೇಕಿತ್ತು. ಸ್ಪ್ರೇ ನಿಂತರೆ ಬೂಸ್ಟ್ ಇಳಿಸಬೇಕಾದ ಫೇಲ್‌ಸೇಫ್ ವೈರ್ ಎಲ್ಲಿಗೂ ಸೇರಿರಲಿಲ್ಲ. ತುದಿಗೆ ಕಪ್ಪು ಟೇಪ್ ಸುತ್ತಿ ಡ್ಯಾಶ್‌ಬೋರ್ಡ್ ಹಿಂದೆ ಸಿಗಿಸಿದ್ದರು. ಸ್ಟೀರಿಂಗ್ ಕೆಳಗೆ, ಕಾಣದ ಜಾಗದಲ್ಲಿ, ಒಂದು ಕೆಂಪು ಎಲ್‌ಇಡಿ. ಅಷ್ಟೇ. 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಿನಲ್ಲೇ ದ್ರವ ಮುಗಿದರೆ ಬೂಸ್ಟ್ ತಾನೇ ಇಳಿಯುವ ಏರ್ಪಾಡಿತ್ತು. ನನಗೆ ಸಿಕ್ಕಿದ್ದು ಮಿಣುಕು ದೀಪ. ಸ್ಪ್ರೇ ಇದೆ ಅನ್ನುವ ಧೈರ್ಯದಲ್ಲಿ ಕಿಡಿ ಹಾರುವ ಟೈಮಿಂಗ್ ಮುಂದೆ ತಂದಿದ್ದರು, ಪೆಟ್ರೋಲ್ ಇಳಿಸಿದ್ದರು. ಸ್ಪ್ರೇ ನಿಂತ ಮೇಲೂ ಅದೇ ಮ್ಯಾಪ್ ಓಡುತ್ತಿತ್ತು, ನಾಕಿಂಗ್ ಆದದ್ದು ಹಾಗೆ.

ಇಷ್ಟಾದರೂ ಹೊಟ್ಟೆ ಉರಿದದ್ದು ಇದಕ್ಕಲ್ಲ. ಕ್ಯಾನ್‌ಗೆ.

5 ಲೀಟರ್ ಕ್ಯಾನ್‌ಗೆ ₹900, "50-50 ಮಿಕ್ಸ್, ರೇಸ್ ಗ್ರೇಡ್". ನೀಲಿ ಬಣ್ಣ. ಮೆಕ್ಯಾನಿಕ್ ಅನುಮಾನಪಟ್ಟರು. ಮೆಥನಾಲ್ ಹಗುರ, ಸಮಸಮ ಬೆರೆಸಿದರೆ ಲೀಟರಿಗೆ ಸುಮಾರು 930 ಗ್ರಾಂ ತೂಗಬೇಕು, ತೂಕ ಹಾಕಿ ನೋಡಿ ಅಂದರು. ಚಿಕ್ಕಪ್ಪನ ದಿನಸಿ ಅಂಗಡಿಗೆ ಹೋದೆ. ಒಂದು ಲೀಟರಿನ, ಒಂದೇ ಥರದ ಎರಡು ಬಾಟಲಿ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಇದು. ಚಿಕ್ಕಪ್ಪ ಮುಚ್ಚಳ ತೆಗೆದು ಮೂಸೋಕೆ ಹೋದರು. "ಬೇಡ ಚಿಕ್ಕಪ್ಪ, ವಿಷ ಅದು, ಕಣ್ಣು ಹೋಗುತ್ತೆ" ಅಂತ ಕಿತ್ತುಕೊಂಡೆ. ತಕ್ಕಡಿಯಲ್ಲಿ ನೀರಿನ ಬಾಟಲಿ 1,020 ಗ್ರಾಂ. ನೀಲಿ ಬಾಟಲಿ 1,015.

ಚಿಕ್ಕಪ್ಪ ತಕ್ಕಡಿ ನೋಡಿದರು, ನನ್ನ ಮುಖ ನೋಡಿದರು. "ಇದು ನೀರೇ ಕಣ್ಲಾ. ಇದ್ಕೆ ಎಷ್ಟ್ ಕೊಟ್ಟೆ?"

ಅಕ್ಕಿ ತಗೊಳ್ಳೋಕೆ ಬಂದಿದ್ದ ಅಜ್ಜಿ ಕೂಡ ನಕ್ಕರು. ಅಂಗಡಿ ಬಾಗಿಲಲ್ಲೇ ನಿಂತು ಟ್ಯೂನರ್‌ಗೆ ಫೋನ್ ಮಾಡಿದೆ.

"ಮೆಥನಾಲ್ ಆವಿ ಆಗಿ ಹೋಗಿರುತ್ತೆ ಸರ್."
"ಸೀಲ್ ಒಡೆಯದ ಕ್ಯಾನ್ ಕಣ್ರೀ ಇದು."
"ಬಿಸಿಲು ಜೋರಿದೆ ಅಲ್ವಾ ಸರ್ ಈಗ."

ಫೇಲ್‌ಸೇಫ್ ವೈರ್ ಯಾಕೆ ಹಾಕಿಲ್ಲ ಅಂದರೆ, "ಅದು ಎಕ್ಸ್‌ಟ್ರಾ ವರ್ಕ್ ಸರ್, ನೀವು ಹೇಳಲಿಲ್ಲ." ನಾನು ಹೇಳಬೇಕಿತ್ತಂತೆ! ನಮಗೆ ಬಿಡಿ ಅಂದವರು ಯಾರು? ಕೊನೆಗೆ ವಾಟ್ಸಾಪ್‌ನಲ್ಲಿ ಬರೆದರು: "ನೀವು ಓವರ್ ಆಗಿ ತುಳಿದಿದ್ದೀರಿ, ಪೆಟ್ರೋಲ್ ಕೂಡ ಸರಿ ಇಲ್ಲ ಅನ್ಸುತ್ತೆ." ಆಮೇಲೆ ಬರೀ ನೀಲಿ ಟಿಕ್. ಅದೂ ನೀಲಿ.

ಇಂಜಿನ್ ಕೆಲಸಕ್ಕೆ ₹1,20,000 ಆಯಿತು. ವಾರಂಟಿ ಕೇಳಬೇಡಿ, ರೀಮ್ಯಾಪ್ ಮಾಡಿಸಿದ ದಿನವೇ ಅದು ಹೋಗಿತ್ತು.

ಹಾಕಿಸಲೇಬೇಕು ಅಂದರೆ ಜೆಟ್ ಸೈಜ್, ಶುರುವಾಗುವ ಬೂಸ್ಟ್ ಎರಡನ್ನೂ ಬಿಲ್ ಮೇಲೆ ಬರೆಸಿಕೊಳ್ಳಿ. ಗಾಡಿ ತಗೊಳ್ಳುವ ಮುಂಚೆ ನಿಮ್ಮ ಎದುರಿಗೇ ಪಂಪ್ ಕನೆಕ್ಟರ್ ಕೀಳಿಸಿ ಓಡಿಸಿ ನೋಡಿ, ಬೂಸ್ಟ್ ತಾನೇ ಇಳಿಯಬೇಕು. ಇಳಿಯದಿದ್ದರೆ ದುಡ್ಡು ಕೊಡಬೇಡಿ. ಕ್ಯಾನ್ ತೂಕ ಹಾಕಿ. "ನಮಗೆ ಬಿಡಿ ಸರ್" ಅಂದರೆ ಎದ್ದು ಬನ್ನಿ.

ಉಳಿದ ಕ್ಯಾನ್ ಇನ್ನೂ ಮನೆ ಹಿಂದೆ ಇದೆ. ಅಂಗಡಿ ಗಾಜು ಒರೆಸೋಕೆ ಆಗುತ್ತೆ ಕೊಡು ಅಂತ ಚಿಕ್ಕಪ್ಪ ಕೇಳಿದರು. ಕೊಡಲಿಲ್ಲ. ಆ 5 ಗ್ರಾಂ ವ್ಯತ್ಯಾಸ ಮೆಥನಾಲ್‌ನದೇ ಆಗಿದ್ದರೆ?