ದಿನಾ 30 ಅಲರ್ಟ್: ಒಂದು ಮಾಡೆಲ್ ಮಾನಿಟರಿಂಗ್ ಸೇವೆಯ ಜೊತೆ ಎರಡು ವರ್ಷ

ಮಷೀನ್ ಲರ್ನಿಂಗ್ ಮಾಡೆಲ್‌ಗೆ ಬರುವ ಡೇಟಾ ಮೇಲೆ ಕಣ್ಣಿಟ್ಟು, ಏನಾದರೂ ಬದಲಾದರೆ ಎಚ್ಚರಿಸುವ ಸೇವೆ ಇದು. ಹೆಸರು ಹೇಳುವುದಿಲ್ಲ. ಡ್ಯಾಶ್‌ಬೋರ್ಡ್ ಹೇಗಿದೆ, ಯಾವುದಕ್ಕೆಲ್ಲ ಜೋಡಿಸಬಹುದು ಅನ್ನೋದು ಅವರ ಪುಟದಲ್ಲೇ ಇದೆ, ಹೇಳಿದ ಹಾಗೇ ಕೆಲಸ ಮಾಡುತ್ತದೆ. ನನ್ನ ತಕರಾರು ಒಂದೇ. ಅದರ ಅಲರ್ಟ್.

ನಮ್ಮದು ಮೂರು ಜನರ ತಂಡ. ಪಾರ್ಸೆಲ್ ತಲುಪಲು ಎಷ್ಟು ಹೊತ್ತು ಬೇಕು ಎಂದು ಹೇಳುವ ಮಾಡೆಲ್ ನಡೆಸುತ್ತೇವೆ. ಒಳಗೆ ಹೋಗುವ ಕಾಲಂಗಳು 40, ದಿನಕ್ಕೆ ಸುಮಾರು ಒಂದು ಲಕ್ಷ ಸಾಲು. ಟ್ರೇನಿಂಗ್ ಡೇಟಾಗೂ (ಮಾಡೆಲ್ ಕಲಿತ ಹಳೇ ಡೇಟಾ) ಇವತ್ತಿನ ಡೇಟಾಗೂ ವ್ಯತ್ಯಾಸ ಕಂಡರೆ ಈ ಸೇವೆ ಕೂಗಬೇಕು. ಕೂಗಿತು. ಮೊದಲ ವಾರವೇ ದಿನಕ್ಕೆ 30 ಅಲರ್ಟ್.

ಡೀಫಾಲ್ಟ್ ಆಗಿ ಇಟ್ಟಿದ್ದು ಕೆಎಸ್ (ಕೋಲ್ಮೊಗೊರೊವ್-ಸ್ಮಿರ್ನೋವ್) ಟೆಸ್ಟ್, ಎರಡು ಗುಂಪು ಅಂಕಿಗಳ ಹಂಚಿಕೆ ಒಂದೇ ತರ ಇದೆಯಾ ಎಂದು ನೋಡುವ ಪರೀಕ್ಷೆ. ಪಿ-ವ್ಯಾಲ್ಯೂ 0.05, ಅಂದರೆ ಏನೂ ಬದಲಾಗದಿದ್ದರೂ ನೂರಕ್ಕೆ ಐದು ಸಲ ಕೂಗುತ್ತದೆ. ಹಾಗಾಗಿ 40 ಕಾಲಂಗೆ ದಿನಾ ಸರಾಸರಿ ಎರಡು ಸುಳ್ಳು ಅಲರ್ಟ್ ಗ್ಯಾರಂಟಿ. ಅದರ ಮೇಲೆ, ಲಕ್ಷ ಸಾಲು ಕೊಟ್ಟರೆ ಈ ಟೆಸ್ಟ್ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿಯುತ್ತದೆ. ಸೋಮವಾರಕ್ಕೂ ಭಾನುವಾರಕ್ಕೂ ಇರುವ ವ್ಯತ್ಯಾಸ ಸಾಕು. ವ್ಯತ್ಯಾಸ ಇದೆಯಾ ಅಂದರೆ ಇದೆ. ಅದರಿಂದ ಮಾಡೆಲ್‌ಗೆ ಏನಾದರೂ ಆಗುತ್ತಾ? ಅದನ್ನು ಅದು ಹೇಳುವುದಿಲ್ಲ. ಎವಿಡೆಂಟ್ಲಿ ಎಂಬ ಉಚಿತ ಲೈಬ್ರರಿಯಲ್ಲಿ 1000 ಸಾಲು ದಾಟಿದರೆ ಡೀಫಾಲ್ಟ್ ಆಗಿ ಕೆಎಸ್ ಬಿಟ್ಟು ವಾಸರ್‌ಸ್ಟೈನ್ ದೂರ, ಅಂದರೆ ವ್ಯತ್ಯಾಸ ಎಷ್ಟು ದೊಡ್ಡದು ಎಂಬ ಅಳತೆ, ಲೆಕ್ಕ ಹಾಕುತ್ತಾರೆ. ದುಡ್ಡು ಕೊಟ್ಟು ಕೊಂಡದ್ದರಲ್ಲಿ ಅಷ್ಟೂ ಇರಲಿಲ್ಲ!

ಎರಡನೇ ತಿಂಗಳಿಗೆ ಆ ಚಾನೆಲ್ ಮ್ಯೂಟ್ ಮಾಡಿದೆ. ಎಲ್ಲರೂ ಮಾಡೋದೇ ಅಲ್ವಾ.

ನನಗೊಂದು ಹಳೇ ಚಾಳಿ. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದ ಕೂಡಲೇ, ಮೇಲ್ ನೋಡುವ ಮೊದಲು, ಹಿಂದಿನ ದಿನ ಮಾಡೆಲ್ ಕೊಟ್ಟ ಉತ್ತರಗಳ ಹಿಸ್ಟೋಗ್ರಾಂ (ಯಾವ ಉತ್ತರ ಎಷ್ಟು ಸಲ ಬಂತೆಂಬ ಕಂಬಗಳ ಚಿತ್ರ) ನೋಡುತ್ತೇನೆ. ಅಂಕಿ ಓದುವುದಿಲ್ಲ, ಸುಮ್ನೆ ಆಕಾರ ನೋಡುವುದು. ಎಡಕ್ಕೆ ಒಂದು ದೊಡ್ಡ ಗುಡ್ಡ, ಬಲಕ್ಕೆ ಉದ್ದ ಬಾಲ. ಅರ್ಧ ನಿಮಿಷದ ಕೆಲಸ. ಒಂದು ದಿನ ಗುಡ್ಡವೇ ಇಲ್ಲ! ಎಲ್ಲಾ ಬಲತುದಿಯಲ್ಲಿ ಗೋಡೆ ಕಟ್ಟಿದ ಹಾಗೆ ನಿಂತಿತ್ತು.

ಗಾಬರಿಯಲ್ಲಿ, ಮಾಡೆಲ್‌ನ ವರ್ಷನ್‌ಗಳನ್ನು ಇಟ್ಟುಕೊಳ್ಳುವ ಎಂಎಲ್‌ಫ್ಲೋದಲ್ಲಿ, ಬಳಕೆಯಲ್ಲಿರುವ ವರ್ಷನ್ ಯಾವುದೆಂದು ತೋರಿಸುವ 'ಚಾಂಪಿಯನ್' ಏಲಿಯಾಸನ್ನು ಹಿಂದಿನ ವರ್ಷನ್‌ಗೆ ತಿರುಗಿಸಿದೆ. ಒಂದು ಸಾಲಿನ ಕೆಲಸ, ಆ ಸೌಕರ್ಯ ನನಗೆ ಬಹಳ ಇಷ್ಟ. ಆದರೆ ಗೋಡೆ ಅಲ್ಲೇ ಇತ್ತು. ತಪ್ಪು ಮಾಡೆಲ್‌ನದಲ್ಲ. ಡೇಟಾ ಕಳಿಸುವವರು ದೂರವನ್ನು ಕಿಲೋಮೀಟರ್ ಬದಲು ಮೀಟರ್‌ನಲ್ಲಿ ಕಳಿಸತೊಡಗಿದ್ದರು. ನಮ್ಮದು ಟ್ರೀ ಮಾಡೆಲ್, ಹೌದು-ಅಲ್ಲ ಪ್ರಶ್ನೆಗಳಲ್ಲಿ ಕವಲೊಡೆಯುತ್ತಾ ಉತ್ತರಕ್ಕೆ ಬರುವಂಥದ್ದು. ಟ್ರೇನಿಂಗ್‌ನಲ್ಲಿ ಕಂಡ ಅತಿ ದೊಡ್ಡ ದೂರಕ್ಕಿಂತ ಎಷ್ಟೇ ದೊಡ್ಡದು ಬಂದರೂ ಅದೇ ಕೊನೆಯ ಕೊಂಬೆಗೆ ಹೋಗಿ ಬೀಳುತ್ತದೆ. ಎರರ್ ಇಲ್ಲ, ಲೇಟೆನ್ಸಿ (ಉತ್ತರಕ್ಕೆ ಹಿಡಿಯುವ ಹೊತ್ತು) ಸರಿ, ಎಲ್ಲಾ ರಿಕ್ವೆಸ್ಟ್‌ಗೂ 200, ಅಂದರೆ 'ಎಲ್ಲಾ ಸರಿ' ಎಂಬ ಕೋಡ್. ಉತ್ತರ ಮಾತ್ರ ಕಸ.

ಮ್ಯೂಟ್ ಮಾಡಿದ ಚಾನೆಲ್ ತೆರೆದು ನೋಡಿದೆ. ದೂರದ ಕಾಲಂ ಬಗ್ಗೆ ಅಲರ್ಟ್ ಹಿಂದಿನ ರಾತ್ರಿಯೇ ಬಂದಿತ್ತು. ಉಳಿದ 30ರ ನಡುವೆ, ಅದೇ ಬಣ್ಣದಲ್ಲಿ, ಅದೇ ಗಾತ್ರದಲ್ಲಿ.

ಆ ದಿನವೇ ರದ್ದು ಮಾಡುವವನಿದ್ದೆ. ವರ್ಷದ ಹಣ ಕಟ್ಟಿ ಆಗಿತ್ತು ಅಂತ ಬಿಟ್ಟೆ.

ನವೀಕರಿಸುವ ಹೊತ್ತಿಗೆ ಬಜೆಟ್ ಕಡಿಮೆಯಾಯಿತು. ಇವರ ಬಿಲ್ ಕಳಿಸಿದ ಸಾಲುಗಳ ಲೆಕ್ಕದಲ್ಲಿ ಬರುತ್ತದೆ. ಹಾಗಾಗಿ ಚಿಕ್ಕ ಪ್ಲಾನ್ ತೆಗೆದುಕೊಂಡು ಶೇ 5ರಷ್ಟು ಸಾಲು ಮಾತ್ರ, ಯಾದೃಚ್ಛಿಕವಾಗಿ ಆರಿಸಿ, ಕಳಿಸತೊಡಗಿದೆ. ಅಲರ್ಟ್ 30ರಿಂದ ಎಂಟಕ್ಕೆ ಇಳಿಯಿತು! ಸಾಲು ಕಡಿಮೆಯಾದ ಹಾಗೆ ಕೆಎಸ್ ಟೆಸ್ಟ್‌ನ ಚುರುಕೂ ಕಡಿಮೆಯಾಗಿತ್ತು. ಜಾಸ್ತಿ ದುಡ್ಡು ಕೊಟ್ಟು ಜಾಸ್ತಿ ಗಲಾಟೆ ಕೊಳ್ಳುತ್ತಿದ್ದೆ ಅಂತ ಆಗ ಹೊಳೆಯಿತು.

ಆಮೇಲೆ ಸೆಟ್ಟಿಂಗ್ಸ್ ಒಳಗೆ ಹುಡುಕಿದರೆ ಪಿಎಸ್ಐ (ಪಾಪ್ಯುಲೇಷನ್ ಸ್ಟೆಬಿಲಿಟಿ ಇಂಡೆಕ್ಸ್) ಎಂಬ, ವ್ಯತ್ಯಾಸ ಎಷ್ಟು ದೊಡ್ಡದೆಂದು ಹೇಳುವ ಅಳತೆಯೂ ಇತ್ತು. 0.1ರ ಕೆಳಗೆ ಇದ್ದರೆ ಚಿಂತೆ ಇಲ್ಲ, 0.25 ದಾಟಿದರೆ ಎದ್ದು ನೋಡಿ ಅನ್ನುವುದು ರೂಢಿ. ನಾನು 0.25 ಇಟ್ಟೆ. ಮಾಡೆಲ್ ಹೆಚ್ಚು ನೆಚ್ಚಿಕೊಂಡಿರುವ ಆರು ಕಾಲಂ ಮತ್ತು ಮಾಡೆಲ್‌ನ ಉತ್ತರ, ಇಷ್ಟಕ್ಕೆ ಮಾತ್ರ ಅಲರ್ಟ್. ಈಗ ತಿಂಗಳಿಗೆ ಒಂದೋ ಎರಡೋ ಬರುತ್ತದೆ, ಬಂದದ್ದನ್ನು ಓದುತ್ತೇನೆ. ದೂರದ ಕಾಲಂಗೆ ಮಾತ್ರ ಈ ಸೇವೆಯನ್ನು ನಂಬಿಲ್ಲ. ಮಿತಿ ದಾಟಿದ ದೂರ ಬಾಗಿಲಲ್ಲೇ ನಿಲ್ಲುವ ಹಾಗೆ ನಮ್ಮ ಕೋಡ್‌ನಲ್ಲೇ ನಾಲ್ಕು ಸಾಲು ಬರೆದಿದ್ದೇನೆ.

ಐದಕ್ಕೆ ಮೂರು ಸ್ಟಾರ್. ಮೊದಲ ವರ್ಷ ಕೇಳಿದ್ದರೆ ಒಂದು ಕೊಡುತ್ತಿದ್ದೆ. ಮೊನ್ನೆ ಹೊಸ ಪ್ರಾಜೆಕ್ಟ್ ತೆರೆದೆ. ಡೀಫಾಲ್ಟ್ ಇನ್ನೂ ಕೆಎಸ್, 0.05.