ತಾಲೂಕು ಆಸ್ಪತ್ರೆಯ ಹೆರಿಗೆ ವಾರ್ಡ್: ನಂಬಿ ಹೋಗಬಹುದು, ಆದರೆ ಜೊತೆಗಿರಲು ಬಿಡಬೇಕು

ಮಗಳ ಹೆರಿಗೆಗೆ ಎಲ್ಲಿಗೆ ಹೋಗೋಣ ಅಂತ ಯೋಚಿಸುತ್ತಿರುವ ತಾಯಂದಿರಿಗೆ ಹೇಳುತ್ತೇನೆ, ಸರ್ಕಾರಿ ಆಸ್ಪತ್ರೆ ಅಂತ ಹಿಂಜರಿಯಬೇಡಿ. ತುಮಕೂರು ಜಿಲ್ಲೆಯ ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಕಳೆದ ತಿಂಗಳು ನನ್ನ ಮಗಳಿಗೆ ನಾರ್ಮಲ್ ಹೆರಿಗೆ ಆಯಿತು. ಹೆಣ್ಣು ಮಗು.

ರಾತ್ರಿ ನೋವು ಶುರುವಾಯಿತು. 108ಕ್ಕೆ ಫೋನ್ ಮಾಡಿದೆವು, ಊರಿನ ಆಶಾ ಕಾರ್ಯಕರ್ತೆಯೂ ಜೊತೆಗೆ ಬಂದರು. ತಾಯಿ ಕಾರ್ಡ್ ನೋಡಿ ಕೂಡಲೇ ಸೇರಿಸಿಕೊಂಡರು. ಹೆರಿಗೆ ಮಾಡಿಸಿದ್ದು ಡಾಕ್ಟರ್ ಅಲ್ಲ, ಸ್ಟಾಫ್ ನರ್ಸ್. ಮಗು ಹೊರಗೆ ಬಂದ ತಕ್ಷಣ ಮಗಳ ತೊಡೆಗೆ ಆಕ್ಸಿಟೋಸಿನ್ ಇಂಜೆಕ್ಷನ್ ಕೊಟ್ಟರಂತೆ. ಅದು ಗರ್ಭಕೋಶವನ್ನು ಬಿಗಿ ಮಾಡಿ ರಕ್ತ ಜಾಸ್ತಿ ಹೋಗದ ಹಾಗೆ ತಡೆಯುತ್ತದೆ. ನಾನು ಹುಟ್ಟಿದ್ದು ಮನೆಯಲ್ಲೇ. ಮಾಸು ಬಿದ್ದ ಮೇಲೂ ಅಮ್ಮನಿಗೆ ರಕ್ತ ನಿಲ್ಲಲಿಲ್ಲ, ಬದುಕಿದ್ದೇ ಹೆಚ್ಚು ಅಂತ ಮನೆಯಲ್ಲಿ ಇವತ್ತಿಗೂ ಹೇಳುತ್ತಾರೆ. ಸೂಲಗಿತ್ತಿಯ ಕೈಯಲ್ಲಿ ಆ ಇಂಜೆಕ್ಷನ್ ಇರಲಿಲ್ಲ, ಅಷ್ಟೇ. ಅದಕ್ಕೇ ಮನೆ ಹೆರಿಗೆ ನಿಂತದ್ದು ಒಳ್ಳೆಯದೇ ಆಯಿತು ಅನ್ನುತ್ತೇನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 2005-06ರ ಹೊತ್ತಿಗೆ ನೂರಕ್ಕೆ ಸುಮಾರು 65 ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-20ರ ಹೊತ್ತಿಗೆ ಅದು 97 ಆಯಿತು.

ನನ್ನ ಬೇಸರ ಬೇರೆ. ನನ್ನನ್ನು ಲೇಬರ್ ವಾರ್ಡಿನ ಒಳಗೆ ಬಿಡಲಿಲ್ಲ. ಮಗಳು "ಅಮ್ಮಾ" ಅಂತ ಕೂಗುವುದು ಹೊರಗೆ ಬೆಂಚಿನ ಮೇಲೆ ಕೂತವಳಿಗೆ ಕೇಳಿಸುತ್ತಿತ್ತು. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ವೇಳೆ, ತಾನೂ ಹೆತ್ತು ಗೊತ್ತಿರುವ ಒಬ್ಬ ಹೆಂಗಸು ಜೊತೆಗಿರಬಹುದು ಅಂತ ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಹಾಗಿದ್ದರೂ ನಮಗೆ ಸಿಕ್ಕ ಉತ್ತರ "ಜಾಗ ಇಲ್ಲ, ಹೊರಗೆ ಕೂತ್ಕೊಳ್ಳಿ". ಮಂಚಗಳ ನಡುವೆ ಒಂದು ಪರದೆ ಕಟ್ಟಿದ್ದರೆ ಸಾಕಿತ್ತಲ್ವಾ?

ನಮ್ಮ ಜಿಲ್ಲೆಯವರೇ ಆದ ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ದುಡ್ಡು ಮುಟ್ಟದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. ಅಂಥವರು ಹೆರಿಗೆ ಆಗುವ ತನಕ ಬಸುರಿಯ ಪಕ್ಕ ಬಿಟ್ಟು ಏಳುತ್ತಿರಲಿಲ್ಲ. ಸೊಂಟ ನೀವುತ್ತಿದ್ದರು, ನಡೆದಾಡಿಸುತ್ತಿದ್ದರು, ಧೈರ್ಯ ಹೇಳುತ್ತಿದ್ದರು. ನಮ್ಮೂರಿನ ಸೂಲಗಿತ್ತಿ ಅಜ್ಜಿ ಈಗ ಹೆರಿಗೆ ಮಾಡಿಸುವುದಿಲ್ಲ. ಬಾಣಂತಿಗೂ ಮಗುವಿಗೂ ನೀರು ಹಾಕಲು ಮಾತ್ರ ಬರುತ್ತಾರೆ. ಮಗಳಿಗೆ ಎಣ್ಣೆ ಹಚ್ಚುತ್ತಾ ಅವರು ಮೊದಲು ಕೇಳಿದ್ದು, "ನೋವು ತಿನ್ನೋವಾಗ ಪಕ್ಕದಲ್ಲಿ ಯಾರಿದ್ರು ಮಗಾ?" ಅಂತ. ಮಗಳು ಸುಮ್ನೆ ಅತ್ತಳು.

ಸಿಸ್ಟರ್‌ಗಳ ಕೈಗೆ ಐದಕ್ಕೆ ಐದು ಅಂಕ. ಒಬ್ಬರೇ ಮೂರು ಮಂಚ ನೋಡಿಕೊಳ್ಳುತ್ತಿದ್ದರು, ಪಾಪ, ಆದರೂ ಗದರಲಿಲ್ಲ. ಒಂದು ಗಂಟೆಯೊಳಗೆ ಮಗುವಿಗೆ ಮೊದಲ ಹಾಲು ಕುಡಿಸಿದರು. ಒಟ್ಟಾರೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಆ ಮುಚ್ಚಿದ ಬಾಗಿಲಿಗೆ. ಏಳನೇ ತಿಂಗಳ ತಪಾಸಣೆಗೆ ಹೋದಾಗಲೇ "ಜೊತೆಗೆ ಒಬ್ಬರನ್ನು ಬಿಡ್ತೀರಾ?" ಅಂತ ಕೇಳಿಡಿ. ಇಲ್ಲ ಅಂದರೆ ಅಲ್ಲಿನ ಮುಖ್ಯ ವೈದ್ಯಾಧಿಕಾರಿಗೆ ಬರೆದು ಕೊಡಿ. ನಾನು ಕೊಟ್ಟು ಬಂದಿದ್ದೇನೆ.